ದೊಗಳೆ ಬ್ಲೇಜರ್ ಕೊಳ್ಳುವ ಮುಂಚೆ: ಟೈಲರ್ ಕೈಲಿ ಯಾವುದು ಸರಿಯಾಗುತ್ತೆ, ಯಾವುದು ಆಗಲ್ಲ

"ಅಕ್ಕಾ, ಸೆಕೆಂಡ್‌ಹ್ಯಾಂಡ್ ಬ್ಲೇಜರ್ ಒಂದು ಸಿಕ್ಕಿದೆ, 500 ರೂಪಾಯಿ. ಬಟ್ಟೆ ಸೂಪರ್. ನನಗೆ ಸ್ವಲ್ಪ ದೊಡ್ಡದು, ಅಷ್ಟೇ. ಆಲ್ಟರ್ ಮಾಡಿಸಿದ್ರೆ ಆಗುತ್ತಲ್ವಾ?"

ಈ ಪ್ರಶ್ನೆ ನನಗೆ ಬಂದಷ್ಟು ಸಲ ಬೇರೆ ಯಾವುದೂ ಬಂದಿಲ್ಲ. ಊರಿನಿಂದ ಹೊಸದಾಗಿ ಮುಂಬಯಿಗೆ ಬಂದು ಇಂಟರ್‌ವ್ಯೂಗೆ ಓಡಾಡುವ ಹುಡುಗರು ಕೇಳುತ್ತಾರೆ. ಆಫೀಸಿನ ಏಸಿಗೆ ನಡುಗುವ ಹುಡುಗಿಯರು ಕೇಳುತ್ತಾರೆ. ಮುಂದಿನ ತಿಂಗಳು ಮಾಟುಂಗದಲ್ಲಿ ಭಾವನ ರಿಸೆಪ್ಷನ್ ಇರುವವರೂ ಕೇಳುತ್ತಾರೆ. ಜೊತೆಗೆ ಒಂದು ಫೋಟೋ ಬರುತ್ತದೆ. ಅದರಲ್ಲಿ ಬ್ಲೇಜರ್ ಹ್ಯಾಂಗರಿಗೆ ತೂಗುತ್ತಿರುತ್ತದೆ. ಹ್ಯಾಂಗರಿಗೆ ಎಲ್ಲವೂ ಚೆನ್ನಾಗಿಯೇ ಕೂರುತ್ತದೆ, ಅದರಿಂದ ನಾನು ಏನು ಹೇಳಲಿ?

ಅವಸರದಲ್ಲಿ ಇರುವವರಿಗೆ ಉತ್ತರ ಇಷ್ಟೇ. ಭುಜ ಸರಿ ಇದ್ದರೆ ಉಳಿದದ್ದನ್ನು ಯೋಚಿಸಬಹುದು. ಭುಜ ದೊಡ್ಡದಾಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಯಾಕೆ ಅಂತ ತಿಳಿಯಬೇಕಾದವರು ಮುಂದೆ ಓದಿ.

ಜೊತೆಗೆ ಒಯ್ಯಬೇಕಾದದ್ದು: ಒಂದು ಟೈಲರ್ ಟೇಪು, ನಾಲ್ಕೈದು ಸೇಫ್ಟಿ ಪಿನ್ನು, ಫೋನು. ಸಾಧ್ಯವಾದರೆ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವ ಗೆಳತಿಯನ್ನೋ ತಮ್ಮನನ್ನೋ ಕರೆದುಕೊಂಡು ಹೋಗಿ. ತೆಳು ಕಾಟನ್ ಶರ್ಟ್ ಹಾಕಿಕೊಂಡೇ ಹೋಗಿ. ರಸ್ತೆ ಬದಿಯ ಮಾರ್ಕೆಟ್ಟಿನಲ್ಲಿ ಟ್ರಯಲ್ ರೂಮು ಇರುವುದಿಲ್ಲ, ನಿಂತಲ್ಲೇ ಹಾಕಿ ನೋಡಬೇಕು.

1. ಮನೆಯಲ್ಲೇ ಮೂರು ಅಳತೆ ಬರೆದುಕೊಳ್ಳಿ

ನಿಮಗೆ ಚೆನ್ನಾಗಿ ಕೂರುವ ಫಾರ್ಮಲ್ ಶರ್ಟ್ ಒಂದನ್ನು ಹಾಸಿಗೆ ಮೇಲೆ ಬೋರಲು ಹಾಕಿ. ಬೆನ್ನಿನ ಕಡೆ ಒಂದು ತೋಳಿನ ಹೊಲಿಗೆಯಿಂದ ಇನ್ನೊಂದು ತೋಳಿನ ಹೊಲಿಗೆಯವರೆಗೆ ಅಳೆಯಿರಿ. ಇದು ಭುಜ. ನಿಮ್ಮ ಮೈಗೇ ಕಂಕುಳ ಕೆಳಗೆ ಟೇಪು ಸುತ್ತಿದರೆ ಎದೆ. ಭುಜದ ತುದಿಯಿಂದ ಮಣಿಕಟ್ಟಿನ ಮೂಳೆವರೆಗೆ ತೋಳು. ಮೂರನ್ನೂ ಇಂಚಿನಲ್ಲಿ ಫೋನಿನಲ್ಲಿ ಬರೆದಿಡಿ.

ಅಂಗಡಿಯಲ್ಲಿ ಬ್ಲೇಜರಿನ ಗುಂಡಿ ಹಾಕಿ, ಸಪಾಟಾಗಿ ಹರಡಿ, ಕಂಕುಳಿನಿಂದ ಕಂಕುಳಿಗೆ ಅಳೆದು ಎರಡು ಪಟ್ಟು ಮಾಡಿ. ಬಂದ ಅಂಕಿ ನಿಮ್ಮ ಎದೆಗಿಂತ 4ರಿಂದ 5 ಇಂಚು ಜಾಸ್ತಿ ಇದ್ದರೆ ಅದು ದೊಡ್ಡದೇ ಅಲ್ಲ, ನಿಮ್ಮದೇ ಸೈಜು. 6–7 ಇಂಚು ಜಾಸ್ತಿ ಇದ್ದರೆ ಒಂದು ಸೈಜು ದೊಡ್ಡದು, ಸರಿ ಮಾಡಿಸಬಹುದು. 9 ಇಂಚು ದಾಟಿದರೆ ಅದು ಎರಡು ಸೈಜಿಗಿಂತ ಜಾಸ್ತಿ ಆಯಿತು. ಉದಾಹರಣೆಗೆ ನಿಮ್ಮ ಎದೆ 38, ಬ್ಲೇಜರ್ ಸಪಾಟಾಗಿ 24, ಅಂದರೆ ಸುತ್ತಳತೆ 48. ಹಾಕಿ ನೋಡುವ ತೊಂದರೆಯೂ ಬೇಡ, ಕೆಳಗಿಡಿ.

ಇನ್‌ಸ್ಟಾಗ್ರಾಂನಲ್ಲಿ ಥ್ರಿಫ್ಟ್ ಅಂತ ಮಾರುವವರಿಂದ ಕೊಳ್ಳುತ್ತಿದ್ದರೆ ಇದೇ ಅಳತೆಯನ್ನು ಟೇಪು ಕಾಣುವ ಹಾಗೆ ಫೋಟೋ ತೆಗೆದು ಕಳಿಸಲು ಹೇಳಿ. ಎದೆ, ಭುಜ ಎರಡೂ. "ಎಲ್ ಸೈಜು, ಓವರ್‌ಸೈಜ್ ಫಿಟ್" ಅನ್ನುವ ಉತ್ತರ ಬಂದರೆ ಅದು ಉತ್ತರವೇ ಅಲ್ಲ.

2. ಲೇಬಲ್ ಓದಿ, ಆದರೆ ನಂಬಬೇಡಿ

ಇಲ್ಲಿ ಸಿಗುವ ಹಳೆ ಬ್ಲೇಜರುಗಳಲ್ಲಿ ಹೊರದೇಶದ ಮಾಲೂ ಇರುತ್ತದೆ. ಅದಕ್ಕೇ ಅಂಕಿಗಳು ಗೊಂದಲ ಮಾಡುತ್ತವೆ. ಇಂಗ್ಲೆಂಡ್, ಅಮೆರಿಕದ ಗಂಡಸರ ಬ್ಲೇಜರಿನಲ್ಲಿ 40 ಅಂತ ಇದ್ದರೆ ಎದೆ 40 ಇಂಚು ಇರುವವರಿಗೆ ಹೊಲಿದದ್ದು ಅಂತ ಅರ್ಥ. ಯುರೋಪಿನ ಲೇಬಲ್ಲಿನಲ್ಲಿ ಅದೇ ಸೈಜು 50. ಹತ್ತು ಕಳೆದರೆ ಸಾಕು. 54 ನೋಡಿ "ಅಯ್ಯೋ, ಯಾವ ಪೈಲ್ವಾನನದು" ಅಂತ ಹೆದರಬೇಡಿ, ಅದು 44. ಹೆಂಗಸರ ಬ್ಲೇಜರಿನ ನಂಬರುಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಟೇಪೇ ಗತಿ.

ಯಾಕೆ ನಂಬಬಾರದು ಅಂದರೆ, ಆ ಬ್ಲೇಜರನ್ನು ನಿಮಗಿಂತ ಮೊದಲು ಯಾರೋ ಆಲ್ಟರ್ ಮಾಡಿಸಿರಬಹುದು. ಲೇಬಲ್ ಹಳೆಯದೇ ಇರುತ್ತದೆ, ಒಳಗಿನ ಹೊಲಿಗೆ ಹೊಸದಾಗಿರುತ್ತದೆ.

ಎಲ್ಲಿ ಹುಡುಕುವುದು ಅಂತ ಕೇಳುವವರಿಗೆ ಎರಡೇ ಮಾತು. ಆಜಾದ್ ಮೈದಾನದ ಹತ್ತಿರದ ಫ್ಯಾಷನ್ ಸ್ಟ್ರೀಟ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಪ್ಲಸ್, ಅಂದರೆ ರಫ್ತಿಗೆ ಹೊಲಿದು ಉಳಿದ ಹೊಸ ಮಾಲು, ಹಳೆಯದರ ಜೊತೆ ಬೆರೆತಿರುತ್ತದೆ. ಯಾವುದು ಯಾವುದೆಂದು ಕೇಳಿ ಕೊಳ್ಳಿ. ಚೋರ್ ಬಜಾರಿನ ಮಟನ್ ಸ್ಟ್ರೀಟ್ ಅಂಗಡಿಗಳಿಗೆ ಶುಕ್ರವಾರ ರಜೆ, ಆದರೆ ಅದೇ ಶುಕ್ರವಾರ ಬೆಳಗಿನ ಜಾವ ಸುತ್ತಲ ಬೀದಿಗಳಲ್ಲಿ ಹಳೇ ಸಾಮಾನು ಹರಡಿಕೊಂಡು ಕೂರುತ್ತಾರೆ. ಅರೆಗತ್ತಲಲ್ಲಿ ಬಟ್ಟೆಯ ಕಲೆ ಕಾಣುವುದಿಲ್ಲ, ಫೋನಿನ ಟಾರ್ಚ್ ಹಾಕಿ ನೋಡಿ.

3. ಭುಜ. ಇಲ್ಲಿ ಅರ್ಧ ಗಂಟೆ ಹೋದರೂ ಪರವಾಗಿಲ್ಲ

ಬ್ಲೇಜರ್ ಹಾಕಿ, ಗುಂಡಿ ಹಾಕಿ, ಕೈ ಸುಮ್ನೆ ಕೆಳಗೆ ಬಿಡಿ. ಎದೆ ಉಬ್ಬಿಸಬೇಡಿ. ಭುಜ ದೊಡ್ಡದಿದ್ದಾಗ ನಮಗೇ ಗೊತ್ತಿಲ್ಲದ ಹಾಗೆ ಭುಜ ಎತ್ತಿ ನಿಲ್ಲುತ್ತೇವೆ. ಗೆಳತಿ ಜೊತೆಗಿದ್ದರೆ ಉಪಯೋಗ ಇಲ್ಲೇ.

ಈಗ ತೋಳು ಸೇರುವ ಹೊಲಿಗೆ ಎಲ್ಲಿ ಬಂದಿದೆ ನೋಡಿ. ಅದು ನಿಮ್ಮ ಭುಜದ ಮೂಳೆಯ ತುದಿಯಲ್ಲಿ ಇರಬೇಕು. ಅರ್ಧ ಇಂಚು ಆಚೆ ಹೋಗಿದ್ದರೆ ನಡೆಯುತ್ತದೆ. ಒಂದು ಇಂಚು ಹೋಗಿದ್ದರೆ ತೋಳಿನ ಮೇಲ್ಭಾಗದಲ್ಲಿ ಬೆರಳಿಟ್ಟು ಒತ್ತಿದ ಹಾಗೆ ಒಂದು ಗುಳಿ ಕಾಣುತ್ತದೆ. ಒಳಗೆ ಮೂಳೆ ಇಲ್ಲದೆ ಬಟ್ಟೆ ಕುಸಿದ ಗುರುತು ಅದು.

ಇನ್ನೂ ಅನುಮಾನ ಇದ್ದರೆ ಗೋಡೆ ಪರೀಕ್ಷೆ ಮಾಡಿ. ಗೋಡೆಗೆ ಪಕ್ಕವಾಗಿ ನಿಂತು ನಿಧಾನವಾಗಿ ಅದರ ಕಡೆ ಸರಿಯಿರಿ. ಮೊದಲು ಗೋಡೆಗೆ ತಾಗಿದ್ದು ನಿಮ್ಮ ತೋಳಾದರೆ ಭುಜ ಸರಿ ಇದೆ. ಭುಜದ ಪ್ಯಾಡು ಮೊದಲು ತಾಗಿ ಮಡಚಿಕೊಂಡರೆ ಬ್ಲೇಜರ್ ದೊಡ್ಡದು. ಮಾರ್ಕೆಟ್ಟಿನಲ್ಲಿ ಗೋಡೆ ಸಿಗದಿದ್ದರೆ ವಿದ್ಯುತ್ ಕಂಬ ಸಾಕು. ಜನ ನೋಡುತ್ತಾರೆ, ನೋಡಲಿ.

"ಟೈಲರ್ ಭುಜ ಕೂಡ ಚಿಕ್ಕದು ಮಾಡ್ತೀನಿ ಅಂದ" ಅಂತ ಬಹಳ ಜನ ವಾದಿಸುತ್ತಾರೆ. ಮಾಡಬಹುದು, ಸುಳ್ಳಲ್ಲ. ಆದರೆ ಏನು ಮಾಡಬೇಕಾಗುತ್ತದೆ ಅಂತ ಕೇಳಿ. ತೋಳು ಪೂರ್ತಿ ಬಿಚ್ಚಬೇಕು. ಒಳಗಿನ ಲೈನಿಂಗ್ ಬಿಡಿಸಬೇಕು. ಪ್ಯಾಡು ತೆಗೆಯಬೇಕು. ಭುಜದ ಬಟ್ಟೆ ಕತ್ತರಿಸಿ ತೋಳಿನ ಸುತ್ತು, ಅಂದರೆ ತೋಳು ಬಂದು ಸೇರುವ ದುಂಡನೆಯ ಜಾಗ, ಹೊಸದಾಗಿ ರೂಪಿಸಬೇಕು. ಆಮೇಲೆ ಅದೇ ಹಳೆ ತೋಳನ್ನು ಆ ಹೊಸ ಸುತ್ತಿಗೆ ಕೂರಿಸಬೇಕು. ಕೋಟಿನ ತೋಳಿನ ತಲೆ, ಅಂದರೆ ತೋಳಿನ ಮೇಲ್ತುದಿ, ಯಾವಾಗಲೂ ಆ ಸುತ್ತಿಗಿಂತ ಸ್ವಲ್ಪ ದೊಡ್ಡದಾಗಿರುತ್ತದೆ. ಆ ಹೆಚ್ಚಿನ ಬಟ್ಟೆಯನ್ನು ನೆರಿಗೆ ಬಾರದ ಹಾಗೆ ಇಸ್ತ್ರಿಯ ಹಬೆಯಲ್ಲಿ ಒಳಗೆ ಸೇರಿಸಿ ಹೊಲಿಯುತ್ತಾರೆ, ಅದರಿಂದಲೇ ತೋಳು ದುಂಡಗೆ ಬೀಳುವುದು. ಸುತ್ತಿನ ಅಳತೆ ತಪ್ಪಿದರೆ ಭುಜದ ತುದಿಯಲ್ಲಿ ಸ್ಕೂಲ್ ಹುಡುಗಿಯ ಫ್ರಾಕಿನ ಹಾಗೆ ಪಫ್ ಏಳುತ್ತದೆ. ಒಳ್ಳೆಯ ಕೈ ಇರುವವರು ಒಂದೊಂದು ಕಡೆ ಅರ್ಧ ಇಂಚು ಒಳಗೆ ತರುತ್ತಾರೆ. ಅದಕ್ಕಿಂತ ಜಾಸ್ತಿ ಅಂದರೆ ಹೊಸ ಕೋಟ್ ಹೊಲಿಯುವಷ್ಟೇ ಕೆಲಸ. ಆ ಕೂಲಿಗೆ 500 ರೂಪಾಯಿಯ ಬ್ಲೇಜರ್ ಯೋಗ್ಯವಾ?

ಒಂದು ವಿನಾಯಿತಿ ಇದೆ. ಹಳೇ ಕಾಲದ ಬ್ಲೇಜರುಗಳಲ್ಲಿ ದಪ್ಪ ಪ್ಯಾಡು ತುಂಬಿರುತ್ತಾರೆ. ಹೊಲಿಗೆ ಮೂಳೆಯ ಹತ್ತಿರವೇ ಇದ್ದು, ಪ್ಯಾಡಿನ ದಪ್ಪದಿಂದ ಮಾತ್ರ ಭುಜ ದೊಡ್ಡದಾಗಿ ಕಾಣುತ್ತಿದ್ದರೆ, ಪ್ಯಾಡು ಬದಲಿಸಿ ತೆಳುವಾದದ್ದು ಹಾಕಿಸಬಹುದು. ಇದು ಸಣ್ಣ ಕೆಲಸ. ಪ್ಯಾಡು ಪೂರ್ತಿ ತೆಗೆಸುವುದು ಬೇಡ, ಅದಕ್ಕೆ ಬಿಟ್ಟ ಬಟ್ಟೆ ಜೋತು ಬೀಳುತ್ತದೆ.

4. ಲೋಕಲ್ ಟ್ರೈನಿನ ಹ್ಯಾಂಡಲ್ ಹಿಡಿಯಿರಿ

ನಿಜವಾಗಿ ಅಲ್ಲ, ಹಿಡಿದ ಹಾಗೆ ಕೈ ಮೇಲೆತ್ತಿ. ಗುಂಡಿ ಹಾಕಿಯೇ ಇರಲಿ. ತೋಳು ಮಾತ್ರ ಮೇಲೆ ಬಂದರೆ ಒಳ್ಳೆಯದು. ಇಡೀ ಬ್ಲೇಜರ್ ಕೈ ಜೊತೆ ಮೇಲೇರಿ ಕಾಲರ್ ಕಿವಿಗೆ ಬಂದರೆ ಅದರ ತೋಳಿನ ಸುತ್ತು ಬಹಳ ಕೆಳಗಿದೆ ಅಂತ ಅರ್ಥ. ದೊಡ್ಡ ಸೈಜಿನ ಬ್ಲೇಜರುಗಳಲ್ಲಿ ಇದು ಇದ್ದದ್ದೇ. ಆ ಸುತ್ತನ್ನು ಮೇಲೆ ತರಲು ಆಗುವುದಿಲ್ಲ, ಯಾಕೆಂದರೆ ಕತ್ತರಿಸಿದ ಜಾಗಕ್ಕೆ ಬಟ್ಟೆ ಎಲ್ಲಿಂದ ತರುವುದು? ಸೊಂಟದಲ್ಲಿ ಎಷ್ಟು ಚೆನ್ನಾಗಿ ಒಳಗೆ ತೆಗೆಸಿದರೂ ಕೈ ಎತ್ತಿದಾಗೆಲ್ಲ ಇದು ಕಾಡುತ್ತದೆ. ಡೊಂಬಿವಲಿಯಿಂದ ಫೋರ್ಟಿಗೆ ನಿಂತೇ ಹೋಗುವವರಿಗೆ ಬಿಡಿಸಿ ಹೇಳಬೇಕಿಲ್ಲ.

5. ಸರಿ ಮಾಡಿಸಬಹುದಾದ ಜಾಗಗಳು

ಭುಜ, ತೋಳಿನ ಸುತ್ತು ಎರಡೂ ಪಾಸಾದರೆ ಉಳಿದದ್ದು ಸುಲಭ. ಆದರೂ ಒಂದೊಂದಕ್ಕೂ ಒಂದು ಮಿತಿ ಇದೆ.

ಸೊಂಟ ಮತ್ತು ಬದಿ: ಗುಂಡಿ ಹಾಕಿ, ಅದರ ಹತ್ತಿರ ಬಟ್ಟೆಯನ್ನು ಹಿಡಿದು ಮುಂದಕ್ಕೆ ಎಳೆಯಿರಿ. ಎರಡು ಇಂಚಿನವರೆಗೆ ಬಂದರೆ ಏನೂ ಮಾಡಬೇಕಿಲ್ಲ. ಅದಕ್ಕಿಂತ ಜಾಸ್ತಿ ಬಂದರೆ ಗೆಳತಿಗೆ ಹೇಳಿ ಬೆನ್ನಿನ ಎರಡೂ ಬದಿಯ ಹೊಲಿಗೆಯಲ್ಲಿ ಪಿನ್ ಹಾಕಿಸಿ ನೋಡಿ. ಒಟ್ಟು 2ರಿಂದ 3 ಇಂಚು ಒಳಗೆ ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ. ಮೀರಿದರೆ ಜೇಬುಗಳು ಹಿಂದಕ್ಕೆ ಸರಿದು ಪಕ್ಕೆಗೆ ಹೋಗುತ್ತವೆ. ಕೈ ಹಾಕಲು ಹೋದಾಗ ಕೈಗೆ ಜೇಬು ಸಿಗುವುದಿಲ್ಲ.

ಬೆನ್ನಿನ ಕೆಳಗೆ ಸೀಳು ಇರುತ್ತದಲ್ಲ, ವೆಂಟ್ ಅನ್ನುತ್ತಾರೆ, ಅದು ಪಿನ್ ಹಾಕಿದಾಗ ಬಾಯಿ ಬಿಡುತ್ತದಾ ನೋಡಿ. ಬಿಟ್ಟರೆ ಪಿನ್ ಜಾಸ್ತಿ ಆಯಿತು.

ತೋಳಿನ ಉದ್ದ: ಮಣಿಕಟ್ಟಿನ ಮೂಳೆಗೆ ಬಂದು ನಿಲ್ಲಬೇಕು, ಒಳಗಿನ ಶರ್ಟು ಕಾಲು ಇಂಚೋ ಅರ್ಧ ಇಂಚೋ ಕಾಣಬೇಕು. ಒಂದು, ಒಂದೂವರೆ ಇಂಚು ಗಿಡ್ಡ ಮಾಡುವುದು ಸಾಮಾನ್ಯ ಕೆಲಸ. ಆದರೆ ತೋಳಿನ ತುದಿಯ ಗುಂಡಿಗಳನ್ನು ಒಮ್ಮೆ ಬಿಚ್ಚಲು ನೋಡಿ. ಬಹಳ ಬ್ಲೇಜರುಗಳಲ್ಲಿ ಅವು ಶೋಗೆ ಹೊಲಿದ ಗುಂಡಿಗಳು, ಬಿಚ್ಚಲು ಬರುವುದಿಲ್ಲ. ಅದು ನಿಮಗೆ ಒಳ್ಳೆಯದೇ. ಕಿತ್ತು ಮೇಲಕ್ಕೆ ಹೊಲಿಯಬಹುದು. ಬಿಚ್ಚಲು ಬಂದರೆ ಅಲ್ಲಿ ನಿಜವಾದ ಕಾಜಾ, ಅಂದರೆ ಗುಂಡಿಯ ತೂತು ಇದೆ. ತೂತನ್ನು ಮೇಲಕ್ಕೆ ಸರಿಸಲು ಬರುವುದಿಲ್ಲ. ಆಗ ತೋಳನ್ನು ಭುಜದ ಕಡೆಯಿಂದ ಬಿಚ್ಚಿ ಗಿಡ್ಡ ಮಾಡಬೇಕು, ಮತ್ತೆ ಅದೇ ದುಬಾರಿ ಕೆಲಸ. ನನ್ನ ಒಂದು ಬೂದು ಬ್ಲೇಜರನ್ನು ಇದನ್ನು ನೋಡದೆ ಕೊಟ್ಟುಬಿಟ್ಟೆ. ವಾಪಸ್ ಬಂದಾಗ ಕೊನೆಯ ಕಾಜಾ ತೋಳಿನ ಅಂಚಿಗೆ ಒಂದು ಬೆರಳಗಲದಲ್ಲಿತ್ತು, ಗುಂಡಿ ಅಂಚಿನಿಂದ ಬೀಳುತ್ತೇನೆ ಅನ್ನುವ ಹಾಗೆ ತೂಗುತ್ತಿತ್ತು. ತೋಳು ಮಡಚಿ ಹಾಕಿಕೊಂಡು ಎರಡು ವರ್ಷ ಕಳೆದೆ.

ಬ್ಲೇಜರಿನ ಉದ್ದ: ಹಿಂಭಾಗ ಮುಚ್ಚುವಷ್ಟು ಇರಬೇಕು. ಕೈ ಕೆಳಗೆ ಬಿಟ್ಟಾಗ ಹೆಬ್ಬೆರಳಿನ ಗೆಣ್ಣಿನ ಹತ್ತಿರ ಅಂಚು ಬಂದರೆ ಸರಿ. ಒಂದು ಇಂಚು ಗಿಡ್ಡ ಮಾಡಬಹುದು. ಎರಡು ಮೂರು ಇಂಚು ಕತ್ತರಿಸಿದರೆ ಜೇಬು ಅಂಚಿಗೆ ಬಂದು ಕೂತು ಸರ್ಕಸ್ಸಿನ ಕೋಟಿನ ಹಾಗೆ ಕಾಣುತ್ತದೆ. ಗುಂಡಿಯ ಜಾಗವೂ ಹಾಗೇ. ಕೆಳಗೆ ಎಷ್ಟು ಕತ್ತರಿಸಿದರೂ ಮೇಲಿನ ಗುಂಡಿ ಹೊಕ್ಕುಳ ಕೆಳಗೇ ಉಳಿಯುತ್ತದೆ.

ಕಾಲರ್: ಕುತ್ತಿಗೆಯ ಹಿಂದೆ ಶರ್ಟಿನ ಕಾಲರಿಗೂ ಬ್ಲೇಜರಿನ ಕಾಲರಿಗೂ ನಡುವೆ ಎರಡು ಬೆರಳು ತೂರುವಷ್ಟು ಸಂದು ಇದ್ದರೆ ಕೈಬಿಡಿ. ಕೋಟ್ ಹೊಲಿದು ಪಳಗಿದವರು ಮಾತ್ರ ಅದನ್ನು ಸರಿ ಮಾಡುತ್ತಾರೆ.

ಚೆಕ್ಸ್ ಇರುವ ಬಟ್ಟೆಯಲ್ಲಿ ಬದಿ ಒಳಗೆ ತೆಗೆದರೆ ಗೆರೆಗೆ ಗೆರೆ ಕೂಡುವುದಿಲ್ಲ. ವೆಲ್ವೆಟ್, ಕಾರ್ಡುರಾಯ್ ಬಟ್ಟೆಯಲ್ಲಿ ಹಳೆ ಹೊಲಿಗೆಯ ಗುರುತು ಉಳಿಯುತ್ತದೆ. ಎರಡು ಸಾಲು ಗುಂಡಿಯ ಡಬಲ್ ಬ್ರೆಸ್ಟ್ ದೊಡ್ಡದಾದರೆ ನಾನು ಮುಟ್ಟುವುದೇ ಇಲ್ಲ. ಅದರ ಗುಂಡಿ ಸಾಲು ಜರುಗಿತು ಅಂದರೆ ಎಲ್ಲ ಹೋಯಿತು.

ಹುಡುಗಿಯರಿಗೆ ಒಂದು ಮಾತು. ಗಂಡಸರ ಬ್ಲೇಜರ್ ಹಾಕುವುದರಲ್ಲಿ ತಪ್ಪೇನಿಲ್ಲ, ನಾನೇ ಹಾಕುತ್ತೇನೆ. ಗುಂಡಿ ಬಲಗಡೆ ಇರುತ್ತದೆ, ಅಷ್ಟೇ. ಆದರೆ ಅದರ ಕತ್ತರಿಕೆ ಎದೆಯಿಂದ ಕೆಳಗೆ ನೇರ. ಸೊಂಟ ಒಳಗೆ ತೆಗೆಸುವ ಮೊದಲು ಗುಂಡಿ ಹಾಕಿ ಕುರ್ಚಿಯಲ್ಲಿ ಕೂತು ನೋಡಿ, ಹಿಪ್ ಹತ್ತಿರ ಎಳೆಯುತ್ತಿದ್ದರೆ ಬದಿ ಮುಟ್ಟಬೇಡಿ.

6. ಒಳಗೆ ಏನಿದೆ ನೋಡಿ

ಅಳತೆ ಸರಿಯಾದ ಮಾತ್ರಕ್ಕೆ ಹಣ ತೆಗೆಯಬೇಡಿ. ಬಟ್ಟೆ ಬದುಕಿದೆಯಾ ನೋಡಬೇಕು.

ಬ್ಲೇಜರಿನ ಎದೆಭಾಗ ಗಟ್ಟಿಯಾಗಿ ನಿಲ್ಲಲು ಹೊರಬಟ್ಟೆಗೂ ಲೈನಿಂಗಿಗೂ ನಡುವೆ ಇನ್ನೊಂದು ಪದರ ಇರುತ್ತದೆ. ಅಗ್ಗದ ಬ್ಲೇಜರುಗಳಲ್ಲಿ ಅದನ್ನು ಬಿಸಿ ಮತ್ತು ಒತ್ತಡ ಕೊಟ್ಟು ಅಂಟಿಸುತ್ತಾರೆ. ಇದಕ್ಕೆ ಫ್ಯೂಸಿಂಗ್ ಅಂತ ಹೆಸರು. ಒಳ್ಳೆಯ ಬ್ಲೇಜರುಗಳಲ್ಲಿ ಉಣ್ಣೆ, ಕುದುರೆ ಕೂದಲು ಸೇರಿಸಿ ನೇಯ್ದ ಕ್ಯಾನ್ವಾಸನ್ನು ಹೊಲಿಗೆಯಲ್ಲಿ ಹಿಡಿಸಿರುತ್ತಾರೆ. ಯಾವುದು ಅಂತ ತಿಳಿಯಲು ಕೆಳಗಿನ ಗುಂಡಿಯ ಹತ್ತಿರ ಹೊರಬಟ್ಟೆಯನ್ನು ಒಂದು ಕೈಲಿ, ಒಳಬಟ್ಟೆಯನ್ನು ಇನ್ನೊಂದು ಕೈಲಿ ಚಿವುಟಿ ಹಿಡಿದು ಬೇರೆ ಮಾಡಿ. ನಡುವೆ ಮೂರನೆಯ ಪದರ ಬಿಡಿಯಾಗಿ ಜಾರುವುದು ಬೆರಳಿಗೆ ಗೊತ್ತಾದರೆ ಕ್ಯಾನ್ವಾಸ್. ಹೊರಬಟ್ಟೆಯೇ ರಟ್ಟಿನ ಹಾಗೆ ಗಟ್ಟಿಯಾಗಿದ್ದರೆ ಫ್ಯೂಸಿಂಗ್.

ಫ್ಯೂಸಿಂಗ್ ಇದ್ದರೆ ಕೆಟ್ಟದ್ದು ಅಂತಲ್ಲ, ನಾವು ಹಾಕುವ ಹೆಚ್ಚಿನವು ಅವೇ. ಆದರೆ ಅಂಟು ಬಿಟ್ಟಿದ್ದರೆ ಬಟ್ಟೆಯ ಮೇಲೆ ಗುಳ್ಳೆ ಏಳುತ್ತದೆ, ಗೋಡೆಯ ಬಣ್ಣ ಮಳೆಗಾಲದಲ್ಲಿ ಏಳುವ ಹಾಗೆ. ಕಾಲರಿನ ಮಡಿಕೆ, ಎದೆ ಜೇಬಿನ ಕೆಳಗೆ, ಗುಂಡಿ ಪಟ್ಟಿ, ಈ ಮೂರು ಕಡೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒಂದು ಗುಳ್ಳೆ ಕಂಡರೂ ಬೇಡ. ಇಸ್ತ್ರಿ ಹಾಕಿದರೆ ಹೋಗುತ್ತೆ ಅಂತ ಅಂಗಡಿಯವನು ಹೇಳುತ್ತಾನೆ. ಎರಡು ದಿನ ಹೋಗುತ್ತದೆ, ಮೂರನೇ ದಿನ ವಾಪಸ್ ಬರುತ್ತದೆ.

ಆಮೇಲೆ ಬ್ಲೇಜರನ್ನು ಬಿಸಿಲಿಗೆ ಅಡ್ಡ ಹಿಡಿಯಿರಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ನುಸಿ ತಿಂದಿದೆ. ಉಣ್ಣೆ ಬಟ್ಟೆಯಲ್ಲಿ ಇದು ಸಾಮಾನ್ಯ. ಒಂದು ತೂತಾದರೆ ರಫೂ ಮಾಡಿಸಬಹುದು, ಅಂದರೆ ಬಟ್ಟೆಯ ಒಳಮಡಿಕೆಯ ಎಳೆ ತೆಗೆದು ತೂತನ್ನು ನೇಯ್ದು ಮುಚ್ಚುವುದು. ನಾಲ್ಕೈದು ಇದ್ದರೆ ಇನ್ನೂ ಕಾಣದ ಹತ್ತು ಇರುತ್ತವೆ.

ಕಂಕುಳಿನಲ್ಲಿ ಲೈನಿಂಗ್ ಹರಿದಿದ್ದರೆ ಚಿಂತೆಯಿಲ್ಲ, ಆ ಭಾಗ ಮಾತ್ರ ಹೊಸದು ಹಾಕಿಸಬಹುದು. ಲೈನಿಂಗ್ ಬಟ್ಟೆ ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಮಂಗಲದಾಸ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ, ಭಾನುವಾರ ಹೋಗಬೇಡಿ, ಮುಚ್ಚಿರುತ್ತದೆ. ಮೊಣಕೈ ಹತ್ತಿರ ಹೊಳಪು ಬಂದಿದ್ದರೆ ಮಾತ್ರ ಚಿಂತೆ. ಬಟ್ಟೆ ಸವೆದ ಹೊಳಪು ಅದು, ಯಾವ ಡ್ರೈಕ್ಲೀನಿಂಗೂ ತೆಗೆಯುವುದಿಲ್ಲ.

ವಾಸನೆ: ಡಾಂಬರುಗುಳಿಗೆ ವಾಸನೆ ಗಾಳಿಗೆ ಹಾಕಿದರೆ ಹೋಗುತ್ತದೆ. ಬೂಷ್ಟಿನ ವಾಸನೆ ಹಟಮಾರಿ. ಬೆವರಿನ ವಾಸನೆ ಇನ್ನೂ ಕಳ್ಳ, ಅದು ತಣ್ಣಗಿದ್ದಾಗ ಅಡಗಿರುತ್ತದೆ. ಕಂಕುಳ ಭಾಗವನ್ನು ಅಂಗೈಯಲ್ಲಿ ಗಟ್ಟಿಯಾಗಿ ಮುಚ್ಚಿ ಒಂದು ನಿಮಿಷ ಬೆಚ್ಚಗೆ ಮಾಡಿ ಆಮೇಲೆ ಮೂಸಿ. ಮುಜುಗರ ಆಗುತ್ತೆ ನಿಜ. ಮುಂದಿನ ಇಂಟರ್‌ವ್ಯೂನಲ್ಲಿ ಆಗುವುದಕ್ಕಿಂತ ಇದು ವಾಸಿ.

ಬಟ್ಟೆ ಉಣ್ಣೆಯಾ ಪಾಲಿಯೆಸ್ಟರಾ ಅಂತ ಒಳಗಿನ ಲೇಬಲ್ ಹೇಳುತ್ತದೆ. ದಾರದ ಉಂಡೆಯ ಹಾಗೆ ಕಾಣುವ ವೂಲ್‌ಮಾರ್ಕ್ ಚಿಹ್ನೆ 1964ರಿಂದ ಇದೆ, ಅದನ್ನು ಹುಡುಕಿ. ಲೇಬಲ್ ಇಲ್ಲದಿದ್ದರೆ ಕೊಂಡ ಮೇಲೆ ಮನೆಯಲ್ಲಿ ಸುಟ್ಟು ನೋಡಬಹುದು. ಒಳಮಡಿಕೆಯಿಂದ ಒಂದು ಎಳೆ ತೆಗೆದು, ಸಿಂಕಿನ ಮೇಲೆ ಹಿಡಿದು ಕಡ್ಡಿ ಗೀರಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಎಚ್ಚರ ಏನೆಂದರೆ ಎಳೆ ಬಟ್ಟೆಯದ್ದಾಗಿರಬೇಕು. ಹೊಲಿಗೆಯ ದಾರ ಸಾಮಾನ್ಯವಾಗಿ ಪಾಲಿಯೆಸ್ಟರೇ. ಅದನ್ನು ಸುಟ್ಟು ಒಳ್ಳೆಯ ಉಣ್ಣೆ ಬ್ಲೇಜರಿಗೆ ಅಪವಾದ ಹೊರಿಸಿದವರಿದ್ದಾರೆ.

ಮುಂಬಯಿಗೆ ಉಣ್ಣೆ ಯಾಕೆ ಅಂತ ಕೇಳಬಹುದು. ತೆಳು ಉಣ್ಣೆ ಪಾಲಿಯೆಸ್ಟರಿಗಿಂತ ಕಡಿಮೆ ಬೆವರಿಸುತ್ತದೆ, ಇಸ್ತ್ರಿಗೆ ಮಾತು ಕೇಳುತ್ತದೆ. ಆಲ್ಟರೇಷನ್ನಿಗೂ ಅದೇ ಸುಲಭ. ಹಳೆ ಹೊಲಿಗೆಯ ತೂತು ಹಬೆ ಕೊಟ್ಟರೆ ಮುಚ್ಚಿಕೊಳ್ಳುತ್ತದೆ. ಪಾಲಿಯೆಸ್ಟರಿನಲ್ಲಿ ಹಳೆ ಹೊಲಿಗೆಯ ಗೆರೆ ಕೊನೆವರೆಗೂ ಕಾಣುತ್ತದೆ.

7. ಕೊಳ್ಳುವ ಮೊದಲೇ ಒಟ್ಟು ಲೆಕ್ಕ ಹಾಕಿ

ಬ್ಲೇಜರಿನ ಬೆಲೆ ಒಂದೇ ಅಲ್ಲ ಖರ್ಚು. ಡ್ರೈಕ್ಲೀನಿಂಗ್ ಇದೆ, ಆಲ್ಟರೇಷನ್ ಇದೆ, ಲೈನಿಂಗ್ ತೇಪೆ ಇದ್ದರೆ ಅದು. ಏರಿಯಾದಿಂದ ಏರಿಯಾಕ್ಕೆ ಕೂಲಿ ಬೇರೆ, ಹಾಗಾಗಿ ಮಾರ್ಕೆಟ್ಟಿಗೆ ಹೋಗುವ ಮೊದಲೇ ನಿಮ್ಮ ಟೈಲರ್ ಹತ್ತಿರ ಮೂರು ರೇಟ್ ಕೇಳಿಟ್ಟುಕೊಳ್ಳಿ: ತೋಳು ಗಿಡ್ಡ ಮಾಡಲು, ಬದಿ ಒಳಗೆ ತೆಗೆಯಲು, ಉದ್ದ ಕಡಿಮೆ ಮಾಡಲು.

ನನ್ನ ನಿಯಮ ಇದು. ಎಲ್ಲ ಸೇರಿ, ಅದೇ ದರ್ಜೆಯ ಹೊಸ ಬ್ಲೇಜರಿನ ಅರ್ಧ ಬೆಲೆ ದಾಟಬಾರದು. ಎರಡನೆಯದು, ಆಲ್ಟರೇಷನ್ ಕೆಲಸ ಎರಡಕ್ಕಿಂತ ಹೆಚ್ಚು ಇರಬಾರದು. ತೋಳು ಮತ್ತು ಬದಿ, ಸರಿ. ತೋಳು, ಬದಿ, ಉದ್ದ, ಕಾಲರ್ ಅಂತ ಪಟ್ಟಿ ಬೆಳೆದರೆ ಆ ಬ್ಲೇಜರ್ ಬೇರೆ ಯಾರಿಗೋ ಹೊಲಿದದ್ದು, ನಿಮಗಲ್ಲ.

ಅಗ್ಗ ಅಂತ ಕೊಳ್ಳುವುದೇ ಇಲ್ಲಿ ಎಲ್ಲರೂ ಬೀಳುವ ಹಳ್ಳ. 200 ರೂಪಾಯಿ ಅನ್ನುತ್ತಲೇ ಕೈ ಪರ್ಸಿಗೆ ಹೋಗುತ್ತದೆ. 2,000 ಹೇಳಿದ್ದರೆ ಇದೇ ಭುಜವನ್ನು ನೀವು ಹೀಗೆ ಸುಮ್ಮನೆ ಬಿಡುತ್ತಿದ್ದಿರಾ?

8. ಮೊದಲು ಡ್ರೈಕ್ಲೀನಿಂಗ್, ಆಮೇಲೆ ಟೈಲರ್

ಈ ಕ್ರಮ ತಿರುಗಿಸಬೇಡಿ. ಕ್ಲೀನಿಂಗಿನಲ್ಲಿ ಬಟ್ಟೆ ಸ್ವಲ್ಪ ಕುಗ್ಗಬಹುದು, ಅಡಗಿದ್ದ ಗುಳ್ಳೆ ಏಳಬಹುದು, ಕಲೆ ಹೋಗದೇ ಇರಬಹುದು. ಆಲ್ಟರೇಷನ್ನಿಗೆ ದುಡ್ಡು ಕೊಟ್ಟ ಮೇಲೆ ಇದು ಗೊತ್ತಾದರೆ ಎರಡೂ ನಷ್ಟ. ಬೇರೆಯವರ ಬೆವರಿನ ಬಟ್ಟೆಯನ್ನು ಟೈಲರ್ ಮುಂದೆ ಹರಡುವುದೂ ಸರಿಯಲ್ಲ ಬಿಡಿ.

ಟೈಲರ್ ಆರಿಸುವಾಗ ಪ್ಯಾಂಟ್ ಗಿಡ್ಡ ಮಾಡುವವರನ್ನು, ಬ್ಲೌಸ್ ಹೊಲಿಯುವವರನ್ನು ಬಿಟ್ಟು ಕೋಟ್ ಹೊಲಿಯುವವರನ್ನೇ ಹುಡುಕಿ. ಅಂಗಡಿಯಲ್ಲಿ ಅರ್ಧ ಹೊಲಿದ ಕೋಟುಗಳು, ಬಿಳಿ ಕಚ್ಚಾ ದಾರ ಕಾಣುವಂಥವು, ತೂಗುಹಾಕಿದ್ದರೆ ಒಳ್ಳೆಯ ಲಕ್ಷಣ. ಒಂದು ಪ್ರಶ್ನೆ ಕೇಳಿ: "ಕೋಟ್ ಕಾ ಕಾಮ್ ಖುದ್ ಕರ್ತೇ ಹೋ ಯಾ ಬಾಹರ್ ದೇತೇ ಹೋ?" ಅಂದರೆ ಕೋಟಿನ ಕೆಲಸ ನೀವೇ ಮಾಡುತ್ತೀರಾ, ಹೊರಗೆ ಕೊಡುತ್ತೀರಾ ಅಂತ. ಹೊರಗೆ ಕೊಡುತ್ತಾರೆ ಅಂದರೆ ನಿಮ್ಮ ಮೈಮೇಲೆ ಪಿನ್ ಹಾಕಿದವರು ಒಬ್ಬರು, ಹೊಲಿಯುವವರು ಇನ್ನೊಬ್ಬರು. ಮಾತು ನಡುವೆ ಕಳೆದುಹೋಗುತ್ತದೆ.

ಇಲ್ಲಿನ ಟೈಲರುಗಳ ಜೊತೆ ಮಾತಾಡಲು ನಾಲ್ಕು ಪದ ಗೊತ್ತಿರಲಿ. ಭುಜಕ್ಕೆ ಕಂಧಾ. ತೋಳಿಗೆ ಹಿಂದಿಯವರು ಆಸ್ತೀನ್ ಅಂದರೆ ಮರಾಠಿಯವರು ಬಾಹಿ ಅನ್ನುತ್ತಾರೆ. ಲೈನಿಂಗಿಗೆ ಇಬ್ಬರೂ ಅಸ್ತರ್ ಅನ್ನುತ್ತಾರೆ. ಪಕ್ಕಾ ಹೊಲಿಗೆಗೆ ಮೊದಲು ಉದ್ದುದ್ದ ಹೊಲಿಗೆ ಹಾಕಿ ಹಿಡಿದು ನೋಡುವುದಕ್ಕೆ ಕಚ್ಚಾ ಸಿಲಾಯಿ. ಈ ಕೊನೆಯ ಪದ ಎಲ್ಲಕ್ಕಿಂತ ಮುಖ್ಯ. ಕಚ್ಚಾ ಸಿಲಾಯಿಯಲ್ಲಿ ಒಮ್ಮೆ ಹಾಕಿ ನೋಡದೆ ಯಾವ ಕತ್ತರಿಯನ್ನೂ ಆಡಿಸಲು ಬಿಡಬೇಡಿ.

ಟ್ರಯಲ್ಲಿಗೆ ಹೋಗುವಾಗ ಬ್ಲೇಜರಿನ ಒಳಗೆ ಹಾಕುವ ಶರ್ಟು ಹಾಕಿಯೇ ಹೋಗಿ. ಜೇಬಿನಲ್ಲಿ ಫೋನಿಡುವ ಅಭ್ಯಾಸ ಇದ್ದರೆ ಫೋನಿಟ್ಟೇ ಪಿನ್ ಹಾಕಿಸಿ. ಮೊದಲು ಬದಿ, ಕೊನೆಗೆ ತೋಳು. ಬದಿ ಒಳಗೆ ಹೋದಾಗ ತೋಳು ಬೀಳುವ ರೀತಿ ಬದಲಾಗುತ್ತದೆ, ಮೊದಲೇ ತೋಳು ಕತ್ತರಿಸಿದರೆ ಗಿಡ್ಡ ಆಗಿ ಕೂರುತ್ತದೆ.

ಹೆಚ್ಚಾದ ಬಟ್ಟೆಯನ್ನು ಕತ್ತರಿಸಿ ಬಿಸಾಡದೆ ಒಳಗೆ ಮಾರ್ಜಿನ್ ಬಿಡಲು ಹೇಳಿ. ನಾಳೆ ನೀವು ಎರಡು ಕೇಜಿ ಏರಿದರೆ ಬಿಚ್ಚಿಕೊಳ್ಳಬಹುದು. ಊರಿಗೆ ಹೋಗಿ ಬಂದ ಮೇಲೆ ಇದು ಬೇಕಾಗುತ್ತದೆ, ಅನುಭವದ ಮಾತು.

ದೀಪಾವಳಿಗೆ ಮೊದಲಿನ ಎರಡು ವಾರ, ಮದುವೆ ಸೀಜನ್, ಈ ಹೊತ್ತಿನಲ್ಲಿ ಕೊಡಬೇಡಿ. ಅವಸರದ ಕೆಲಸ ಬ್ಲೇಜರಿನಲ್ಲಿ ಮೊದಲು ಕಾಣುತ್ತದೆ.

ಆಲ್ಟರ್ ಮಾಡಿಸದೇ ಇದ್ದರೆ?

ಅದೂ ಒಂದು ದಾರಿ. ಈಗ ದೊಗಳೆ ಬ್ಲೇಜರೇ ಫ್ಯಾಷನ್ನು. ಭುಜ ಒಂದು ಇಂಚು ಆಚೆ ಇದ್ದು, ಬಟ್ಟೆ ಮೃದುವಾಗಿದ್ದು, ಜಾರಿ ಬೀಳುವಂತಿದ್ದರೆ ಟೀ ಶರ್ಟಿನ ಮೇಲೆ ಹಾಗೇ ಹಾಕಿ, ತೋಳು ಮಡಚಿ. ಲಿನನ್, ತೆಳು ಉಣ್ಣೆ ಇದಕ್ಕೆ ಹೊಂದುತ್ತದೆ. ಗಟ್ಟಿ ಫ್ಯೂಸಿಂಗ್ ಇರುವುದು ಹೊಂದುವುದಿಲ್ಲ, ಅಪ್ಪನ ಕೋಟು ಕದ್ದು ಹಾಕಿದ ಹಾಗೆ ಕಾಣುತ್ತದೆ. ತೋಳು ಮಾತ್ರ ಒಂದು ಇಂಚು ಗಿಡ್ಡ ಮಾಡಿಸಿ, ಉಳಿದದ್ದು ಬಿಟ್ಟುಬಿಡಿ. ಇಂಟರ್‌ವ್ಯೂಗೆ ಮಾತ್ರ ಇದು ಬೇಡ.

ಜೂನ್ ಬರುವ ಮೊದಲು ಪ್ಲಾಸ್ಟಿಕ್ ಕವರ್ ತೆಗೆದು ಎಸೆಯಿರಿ. ಡ್ರೈಕ್ಲೀನಿಂಗಿನವರು ಕೊಡುವ ಆ ಕವರಿನಲ್ಲಿ ತೇವ ನಿಂತು ಸೆಪ್ಟೆಂಬರಿನ ಹೊತ್ತಿಗೆ ಕಾಲರಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ. ಹಳೇ ಪಂಚೆಯನ್ನು ಮಧ್ಯೆ ತೂತು ಮಾಡಿ ಹ್ಯಾಂಗರಿನ ಮೇಲೆ ಇಳಿಬಿಡಿ. ಗಾಳಿಯೂ ಆಡುತ್ತದೆ, ಧೂಳೂ ಬೀಳುವುದಿಲ್ಲ.

ಇದನ್ನೆಲ್ಲ ಓದುವ ಮೊದಲೇ ದೊಡ್ಡ ಭುಜದ್ದೊಂದು ಕೊಂಡುಬಿಟ್ಟಿದ್ದರೆ ಅದನ್ನು ಸರಿ ಮಾಡಿಸಲು ಹೋಗಿ ಇನ್ನಷ್ಟು ಸುರಿಯಬೇಡಿ. ಹಳೇ ಬಟ್ಟೆಗೆ ಪಾತ್ರೆ ಕೊಡುವ ಭಾಂಡೀವಾಲಿ ನಿಮ್ಮ ಬಿಲ್ಡಿಂಗಿಗೂ ಬರುತ್ತಾಳಲ್ಲ, ಅವಳಿಗೆ ತೋರಿಸಿ. ಎರಡು ವರ್ಷ ತೋಳು ಮಡಚಿ ಹಾಕಿದ ನನ್ನ ಬೂದು ಬ್ಲೇಜರಿಗೆ ಒಂದು ಜೀನ್ಸ್ ಸೇರಿಸಿ ಕೊಟ್ಟೆ. ಬಹಳ ಹೊತ್ತು ಭುಜ ತಿರುಗಿಸಿ ತಿರುಗಿಸಿ ನೋಡಿದಳು, ಆಮೇಲೆ ಮುಚ್ಚಳ ಇರುವ ಸ್ಟೀಲ್ ಡಬ್ಬಿ ಕೊಟ್ಟಳು. ಈಗ ಅದರಲ್ಲಿ ಅವಲಕ್ಕಿ ಇದೆ.